ಚಿಪ್ಪಿಗೂ ನೋವಿದೆ

ಗಾಯಗೊಂಡ ಆಮೆಗೆ ಅರಿಶಿನ ಮೆತ್ತಿ, ಬಕೆಟ್ಟಿನಲ್ಲಿಟ್ಟು, ಹಾಲು-ಅನ್ನ ಹಾಕಿದರೆ ಮನೆಯಲ್ಲೇ ಚೇತರಿಸಿಕೊಳ್ಳುತ್ತದೆ ಎಂಬ ಕಳೆದ ವಾರದ ಲೇಖನ ಓದಿ ಸಂಕಟವಾಯಿತು. ಲೇಖಕರ ಕರುಣೆಯ ಬಗ್ಗೆ ನನ್ನ ತಕರಾರಿಲ್ಲ. ಮದ್ದಿನ ಬಗ್ಗೆ ಇದೆ.

ಚಿಪ್ಪು ಎಂದರೆ ಮೂಳೆ. ಬೆನ್ನೆಲುಬು, ಪಕ್ಕೆಲುಬುಗಳು ಅದರಲ್ಲೇ ಬೆಸೆದುಕೊಂಡಿವೆ. ಒಡೆದರೆ ರಕ್ತ ಬರುತ್ತದೆ, ನೋಯುತ್ತದೆ. ನಮ್ಮೂರ ಕೆರೆ ಏರಿಯ ಮೇಲೆ ಬೈಕಿಗೆ ಸಿಕ್ಕ ಆಮೆಯೊಂದರ ಬಿರುಕಿಗೆ ನಾವೂ ನಲ್ಲಿ ಪೈಪಿಗೆ ಮೆತ್ತುವ ಅಂಟು ಹಚ್ಚಿದ್ದೆವು. ಆರನೇ ದಿನ ಅಂಟಿನ ಅಂಚಿನಿಂದ ಹಳದಿ ಕೀವು ಒಸರುತ್ತಿತ್ತು. ಕೊಳೆಯನ್ನು ಒಳಗಿಟ್ಟು ಬಾಗಿಲು ಹಾಕಿದ್ದೆವು. ಆಗಲೂ ಅದು ಕತ್ತು ಚಾಚಿ ನೋಡುತ್ತಿತ್ತು. ಆಮೆ ಸಾಯುವುದೂ ನಿಧಾನ. ‘ಇನ್ನೂ ಓಡಾಡುತ್ತಿದೆ’ ಎಂಬುದು ಗುಣವಾದ ಲಕ್ಷಣವಲ್ಲ.

ಹಾಲು ಅದಕ್ಕೆ ಜೀರ್ಣವಾಗುವುದಿಲ್ಲ. ನಕ್ಷತ್ರ ಆಮೆಯಂಥವನ್ನು ಅನುಮತಿಯಿಲ್ಲದೆ ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಲೇಖನದಲ್ಲಿ ಈ ಮಾತೇ ಇಲ್ಲ.

ಗಾಳಿಯಾಡುವ ರಟ್ಟಿನ ಪೆಟ್ಟಿಗೆ, ಒದ್ದೆ ಬಟ್ಟೆ, ಸದ್ದಿಲ್ಲದ ಮೂಲೆ, ಅರಣ್ಯ ಇಲಾಖೆಯ 1926ಕ್ಕೆ ಕರೆ. ಮನೆಯಲ್ಲಿ ಮಾಡಬೇಕಾದದ್ದು ಇಷ್ಟೆ. ಸಿಕ್ಕ ಜಾಗ ಬರೆದಿಡಿ. ಗುಣವಾದ ಮೇಲೆ ಆಮೆಯನ್ನು ಅದೇ ಜಾಗದಲ್ಲಿ ಬಿಡಬೇಕು.