ಬ್ಯಾಟರಿ ಹೋಗ್ಯಾದ ಅನ್ನೋದಕ್ಕಿಂತ ಮೊದಲು

"ಬ್ಯಾಟರಿ ಹೋಗ್ಯಾದ, ಹೊಸಾ ಫೋನ್ ತಗೋಬೇಕು." ಬೇಸಿಗೆ ಶುರುವಾದರೆ ಸಾಕು, ನಮ್ಮ ಹಾಸ್ಟೆಲ್ಲುಗಳಲ್ಲಿ ದಿನಾ ಕಿವಿಗೆ ಬೀಳುವ ಮಾತಿದು. ಈ ಮಾತಿನ ಮೊದಲರ್ಧ ಎಷ್ಟೋ ಸಲ ತಪ್ಪು, ಎರಡನೇ ಅರ್ಧ ಅದಕ್ಕಿಂತ ಹೆಚ್ಚು ಸಲ ತಪ್ಪು ಅನ್ನೋದು ನಮ್ಮ ವಾದ. ಓಮನ ನಿಯಮ ಬರೆದು ಪಾಸಾದವರು ನಾವು. ಕಾರಣ ಹುಡುಕದೇ ತೀರ್ಪು ಕೊಡುವುದು ನಮಗೆ ಶೋಭಿಸುವುದಿಲ್ಲ.

ಇದು ಬರೀ ನಮ್ಮ ಕೈಯಲ್ಲಿರುವ ಫೋನಿನ ಮಾತಲ್ಲ. ನಮ್ಮ ಕಡೆ ಫೋನಿಗೆ ನಿವೃತ್ತಿ ಇಲ್ಲ, ವರ್ಗಾವಣೆ ಅಷ್ಟೇ. ಕಲಬುರಗಿಯಲ್ಲಿ ನಾವು ಮೂರು ವರ್ಷ ತಿಕ್ಕಿದ ಫೋನು ಕಮಲಾಪುರದ ಮನೆಗೆ ಹೋಗಿ ಅವ್ವನದೋ ಕಾಕಾನದೋ ಆಗುತ್ತದೆ. ಕೊರೋನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ತಂದ ಟ್ಯಾಬು ತಂಗಿಯ ಕೈ ಸೇರುತ್ತದೆ. ಬ್ಯಾಂಕಿನ ಓಟಿಪಿ, ಕೆಂಪು ಬಾಳೆಯ ದರ ಕೇಳುವ ಕರೆ, ರಾತ್ರಿ ದವಾಖಾನೆಗೆ ಗಾಡಿ ಕರೆಸುವ ಕರೆ, ಎಲ್ಲಾ ಅದೇ ಹಳೇ ಫೋನಿನ ಮೇಲೆ ನಿಂತಿವೆ. 30 ಪರ್ಸೆಂಟ್ ತೋರಿಸುತ್ತಾ ಇದ್ದದ್ದು ಏಕಾಏಕಿ ಆಫ್ ಆದರೆ ಮನೆಯವರಿಗೆ ಆಗುವ ತ್ರಾಸು ಸಣ್ಣದಲ್ಲ.

ಹಂಗಾದರೆ ಹುಡುಕುವುದು ಹೆಂಗ? ಖರ್ಚಿಲ್ಲದ ಕಾರಣದಿಂದ ಶುರುಮಾಡಿ ಖರ್ಚಿನ ಕಡೆ ಹೋಗಬೇಕು. ಮೊದಲು ಕೇಬಲ್. ಬೇರೆ ಫೋನನ್ನು ಚೆನ್ನಾಗಿ ಚಾರ್ಜ್ ಮಾಡುತ್ತಿರುವ ಕೇಬಲ್ಲು, ಅಡಾಪ್ಟರು ತಂದು ಹಚ್ಚಿ ನೋಡ್ರಿ. ಅರ್ಧ ಕೇಸುಗಳು ಇಲ್ಲೇ ಮುಗಿದರೂ ಆಶ್ಚರ್ಯವಿಲ್ಲ. ಆಮೇಲೆ ಪೋರ್ಟು. ಪಿನ್ನು ಪೂರ್ತಿ ಒಳಗೆ ಕೂಡದೇ ಅಲ್ಲಾಡುತ್ತಿದ್ದರೆ ಒಳಗೆ ಜೇಬಿನ ನೂಲು, ಧೂಳು ಗಟ್ಟಿಯಾಗಿ ಕೂತಿರುತ್ತದೆ. ತೊಗರಿ ರಾಶಿ ನಡೆಯುವ ಊರಲ್ಲಿ ಇದು ಹೊಸ ಮಾತಲ್ಲ. ಫೋನ್ ಆಫ್ ಮಾಡಿ, ಒಣ ಕಟ್ಟಿಗೆಯ ಹಲ್ಲುಕಡ್ಡಿಯಿಂದ ಹಗೂರಕ್ಕೆ ತೆಗೀರಿ. ಸೂಜಿ, ಸೇಫ್ಟಿ ಪಿನ್ನು ಮಾತ್ರ ಬ್ಯಾಡ.

ಟ್ಯಾಬಿನ ಕಥೆ ಸ್ವಲ್ಪ ಬೇರೆ. ಹಳೇ ಟ್ಯಾಬುಗಳು 2 ಆಂಪಿಯರ್ ಬೇಡುತ್ತವೆ. ಲ್ಯಾಪ್‌ಟಾಪಿನ ಯುಎಸ್‌ಬಿ 2.0 ಪೋರ್ಟು ಸಾಮಾನ್ಯವಾಗಿ ಕೊಡುವುದು 0.5 ಆಂಪಿಯರ್. ಪರದೆ ಹೊತ್ತಿಸಿಕೊಂಡೇ ಚಾರ್ಜಿಗೆ ಹಾಕಿದರೆ ಬರುವುದಕ್ಕಿಂತ ಹೋಗುವುದೇ ಹೆಚ್ಚು. ಅಡಾಪ್ಟರಿನ ಮೇಲೆ 'ಔಟ್‌ಪುಟ್' ಅಂತ ಬರೆದಿರುವುದನ್ನು ಓದಿದರೆ ಸಂಶಯ ತೀರುತ್ತದೆ. ತಿಂಗಳುಗಟ್ಟಲೆ ಅಲಮಾರಿನಲ್ಲಿದ್ದ ಟ್ಯಾಬು ಚಾರ್ಜಿಗೆ ಹಾಕಿದ ಕೂಡಲೇ ಕಣ್ಣು ಬಿಡದಿದ್ದರೆ ಸತ್ತಿತು ಅನ್ನಬ್ಯಾಡ್ರಿ. ಪೂರ್ತಿ ಖಾಲಿಯಾದ ಸೆಲ್ಲಿಗೆ ಮೊದಲು ಬಹಳ ಕಡಿಮೆ ಕರೆಂಟು ಹರಿಯುತ್ತದೆ. ಒಂದು ತಾಸು ಬಿಟ್ಟು ನೋಡ್ರಿ.

ಇಷ್ಟೆಲ್ಲಾ ಮಾಡಿದ ಮೇಲೂ 30 ಪರ್ಸೆಂಟಿಗೇ ಆಫ್ ಆಗುತ್ತಿದ್ದರೆ, ಆಗ ಖರೇನೇ ಬ್ಯಾಟರಿಯ ತಪ್ಪು. ಲೆಕ್ಕ ಸರಳ. ವಯಸ್ಸಾದಂತೆ ಸೆಲ್ಲಿನ ಒಳಗಿನ ರೋಧ ಏರುತ್ತದೆ. ಅದು 0.3 ಓಮ್ ಆಗಿದೆ ಅಂದುಕೊಳ್ಳಿ. ಕ್ಯಾಮೆರಾ ತೆರೆದಾಗ ಫೋನು ಒಮ್ಮೆಲೇ 2 ಆಂಪಿಯರ್ ಎಳೆದರೆ 0.6 ವೋಲ್ಟ್ ಒಳಗೇ ಕುಸಿಯುತ್ತದೆ. 3.6 ವೋಲ್ಟಿನ ಸೆಲ್ಲು 3.0ಕ್ಕೆ ಇಳಿದು ಫೋನು ಬಂದ್. ಇದನ್ನು ತಪ್ಪಿಸಲು ಹಳೇ ಐಫೋನುಗಳ ವೇಗ ಇಳಿಸಿದ್ದಾಗಿ ಆಪಲ್ ಕಂಪನಿ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಬ್ಯಾಟರಿ ಬದಲಿಸಿದರೆ ವೇಗ ಮರಳುತ್ತಿತ್ತು. ಅಂದರೆ ಮುದಿಯಾಗಿದ್ದು ಫೋನಲ್ಲ, ಅದರ ಒಂದು ಭಾಗ.

ಆ ಭಾಗವನ್ನು ಬೇಗ ಮುದಿ ಮಾಡುವುದು ಬಿಸಿಲು. ತನ್ನ ಫೋನು, ಟ್ಯಾಬುಗಳನ್ನು 0ರಿಂದ 35 ಡಿಗ್ರಿ ವಾತಾವರಣದಲ್ಲಿ ಬಳಸಿರಿ ಅಂತ ಆಪಲ್ ಹೇಳುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳು 40 ದಾಟುತ್ತವೆ. ತಾಪ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಎರಡು ಪಟ್ಟು ಅನ್ನುವ ಸ್ಥೂಲ ನಿಯಮ ನಾವೆಲ್ಲ ಓದಿದ್ದೇವೆ. ಬ್ಯಾಟರಿಯನ್ನು ಸವೆಸುವ ಕ್ರಿಯೆಗಳೂ ಅದೇ ಜಾತಿಯವು. ಹಂಗಾಗಿ ತಗಡಿನ ಶೆಡ್ಡಿನಲ್ಲಿ ಮಧ್ಯಾಹ್ನ ಚಾರ್ಜ್ ಮಾಡುವ ಬದಲು ಬೆಳಗಿನ ತಂಪಿನಲ್ಲಿ ಮಾಡಲಿ, ಕವರ್ ತೆಗೆದು ಮಾಡಲಿ, ತಲೆದಿಂಬಿನ ಕೆಳಗೆ ಇಡದಿರಲಿ. ಯಾವಾಗಲೂ ನೂರು ಪರ್ಸೆಂಟಿಗೆ ತುಂಬಿಸುವ ಹಟವೂ ಬ್ಯಾಡ, 80ಕ್ಕೆ ನಿಲ್ಲಿಸಿದರೆ ಬಾಳಿಕೆ ಹೆಚ್ಚು. ತಣ್ಣಗಾಗಲಿ ಅಂತ ಫ್ರಿಜ್ಜಿನಲ್ಲಿ ಇಡುವವರೂ ಇದ್ದಾರೆ. ಒಳಗೆ ನೀರಿನ ಹನಿ ಕಟ್ಟಿ ಬೋರ್ಡೇ ಹೋಗುತ್ತದೆ.

ಒಂದು ಕಡೆ ಮಾತ್ರ ನಮ್ಮ ಇಂಜಿನಿಯರಿಕೆ ನಿಲ್ಲಬೇಕು. ಹಿಂಬದಿ ಉಬ್ಬಿದ್ದರೆ, ಪರದೆ ಅಂಚಿನಲ್ಲಿ ಎದ್ದಿದ್ದರೆ ಚಾರ್ಜ್ ಹಾಕಬಾರದು, ಒತ್ತಬಾರದು, ಚುಚ್ಚಬಾರದು. ಸೂಪರ್ ಮಾರ್ಕೆಟ್ ಕಡೆಯ ನುರಿತ ರಿಪೇರಿ ಅಣ್ಣನ ಕೈಗೆ ಕೊಡಬೇಕು. ಅಂಥ ಫೋನನ್ನು "ಇನ್ನೂ ನಡೀತದ" ಅಂತ ಊರಿಗೆ ಕಳಿಸುವುದಂತೂ ಮನೆಯವರಿಗೆ ಮಾಡುವ ದ್ರೋಹ. ತೆಗೆದ ಬ್ಯಾಟರಿ ಕಸದ ಬುಟ್ಟಿಗೂ ಹೋಗಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ವಾಪಸ್ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ.

"ರಿಪೇರಿಗೆ ದುಡ್ಡು ಹಾಕೋದು ದಂಡ" ಅನ್ನುವವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಸೆಕ್ಯುರಿಟಿ ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಇಡುವುದು ಜಾಣತನವಲ್ಲ. ಆದರೆ ಕರೆ, ರೇಡಿಯೋ, ತಂಗಿಯ ಪಾಠದ ವಿಡಿಯೋಗೆ ಅದೇ ಫೋನು ಇನ್ನೂ ಎರಡು ವರ್ಷ ಬಂದರೆ ಹೊಸ ಬ್ಯಾಟರಿಯ ದುಡ್ಡು ದಂಡವಾಗುವುದಿಲ್ಲ.

ತಪ್ಪು ಬಳಸುವವರದಷ್ಟೇ ಅಲ್ಲ. ಹಿಂದೆ ಉಗುರಿನಿಂದ ತೆಗೆಯಲು ಬರುತ್ತಿದ್ದ ಬ್ಯಾಟರಿಯನ್ನು ಈಗ ಅಂಟು ಹಾಕಿ ಮುಚ್ಚುತ್ತಾರೆ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ಫೋನು, ಟ್ಯಾಬುಗಳ ಬ್ಯಾಟರಿ 800 ಸುತ್ತು ಚಾರ್ಜ್ ಆದ ಮೇಲೂ 80 ಪರ್ಸೆಂಟ್ ಸಾಮರ್ಥ್ಯ ಉಳಿಸಿಕೊಳ್ಳಬೇಕು ಅನ್ನುವ ನಿಯಮ ಬಂದಿದೆ. ನಮ್ಮಲ್ಲಿ ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು. ಅದು ಮಾಹಿತಿ ಕೊಡುತ್ತದೆ, ಅಂಟು ಬಿಡಿಸುವುದಿಲ್ಲ. 42 ಡಿಗ್ರಿಯಲ್ಲಿ ಬದುಕುವ ಊರಿನ ಫೋನಿನ ಬ್ಯಾಟರಿ ಸುಲಭವಾಗಿ ಬದಲಾಗುವಂತಿರಬೇಕು ಅನ್ನುವ ಬೇಡಿಕೆ ನಮ್ಮಂಥ ಊರಿನಿಂದಲೇ ಏಳಬೇಕು. ನಾಳೆ ವಿನ್ಯಾಸದ ಮೇಜಿಗೆ ಕೂಡುವವರೂ ನಾವೇ.

ಅಲ್ಲಿಯವರೆಗೆ ನಮ್ಮ ಸಲಹೆ ಇಷ್ಟು. ತಿಂಗಳಿಗೊಂದು ಶನಿವಾರ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಒಂದು ಟೇಬಲ್ಲು, ಒಂದು ಮಲ್ಟಿಮೀಟರು, ಒಂದು ಯುಎಸ್‌ಬಿ ಮೀಟರು, ನಾಲ್ಕು ಒಳ್ಳೇ ಕೇಬಲ್ ಇಟ್ಟುಕೊಂಡು ಕೂಡೋಣ. ಮೊದಲು ನಮ್ಮ ಕ್ಯಾಂಟೀನಿನವರ, ವಾಚ್‌ಮನ್ ಕಾಕಾನ ಫೋನು ನೋಡೋಣ. ಊರಿನ ಬಸ್ಸು ಹತ್ತುವಾಗ ಚೀಲದಲ್ಲಿ ಒಂದು ಹೆಚ್ಚಿನ ಕೇಬಲ್ಲು, ಎರಡು ಹಲ್ಲುಕಡ್ಡಿ ಇರಲಿ. ಇದಕ್ಕೆ ಡಿಗ್ರಿ ಮುಗಿಯುವ ತನಕ ಕಾಯಬೇಕಾಗಿಲ್ಲ.