ಕಡೆಯ ನೋಟವೋ, ಮುಂದಿನ ಟಿಕೇಟೋ?

ನಮ್ಮ ಸಂಘದ ಕಳೆದ ಗೋಷ್ಠಿಯಲ್ಲಿ ತರುಣ ಮಿತ್ರರೊಬ್ಬರು ನನ್ನನ್ನೇ ಗುರಿಯಾಗಿಸಿ ಒಂದು ಆಕ್ಷೇಪವನ್ನೆತ್ತಿದರು. ಹಳೆಯ ಚಲಚ್ಚಿತ್ರವು ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದರೆ ಮೇಷ್ಟರು ಅದನ್ನು ಧ್ವನಿಯೆಂದು ಕೊಂಡಾಡುವರು. ಇಂದಿನ ಚಿತ್ರವು ಹಾಗೆಯೇ ಮಾಡಿದರೆ ವ್ಯಾಪಾರವೆಂದು ಹಳಿಯುವರು. ಇದು ವೃದ್ಧರ ಪಕ್ಷಪಾತವಲ್ಲದೆ ಮತ್ತೇನು, ಎಂದು. ಸಭೆ ನಕ್ಕಿತು, ನಾನೂ ನಕ್ಕೆನು. ಆದರೆ ಅಂದು ತೋಚದ ಉತ್ತರವನ್ನು ಈಗಲಾದರೂ ವಾಚಕರ ಮುಂದಿಡದಿದ್ದರೆ ನನಗೆ ಸಮಾಧಾನವಿಲ್ಲ.

ಹಳೆಯದೆಲ್ಲವೂ ಚಿನ್ನವೆಂದು ನಾನೆಂದೂ ವಾದಿಸಿದವನಲ್ಲ. ಮನೆಮಂದಿಯೆಲ್ಲ ಸಾಲಾಗಿ ನಿಂತು ನಗುತ್ತಿರುವಾಗ ತೆರೆಯ ಮೇಲೆ 'ಶುಭಂ' ಎಂದು ಮೂಡಿಸಿ ನಮ್ಮನ್ನು ಮನೆಗೆ ಕಳುಹಿಸುತ್ತಿದ್ದ ಚಿತ್ರಗಳೆಷ್ಟಿಲ್ಲ! ಮೂರು ಗಂಟೆಯ ಕಣ್ಣೀರನ್ನು ಆ ಒಂದು ನೋಟವು ಸುಳ್ಳಾಗಿಸುತ್ತಿತ್ತು. ಭರತವಾಕ್ಯವನ್ನು ಅರ್ಥವರಿಯದೆ ಅನುಕರಿಸಿದ ಫಲವದು.

ಈಗ ಪ್ರಕೃತಕ್ಕೆ ಬರೋಣ. ಸತ್ಯಜಿತ್ ರಾಯರ 'ಚಾರುಲತಾ' (1964) ರವೀಂದ್ರನಾಥ ಠಾಕೂರರ 'ನಷ್ಟನೀಡ'ವೆಂಬ ಕಥೆಯಿಂದ ಹುಟ್ಟಿದ್ದು. ಪತ್ನಿಯ ಮನಸ್ಸು ಅನ್ಯನಲ್ಲಿ ನೆಟ್ಟಿರುವುದನ್ನರಿತ ಭೂಪತಿಯು ಮನೆಬಿಟ್ಟು ಹೋಗಿ, ಅಲೆದು, ಹಿಂದಿರುಗಿ ಬಾಗಿಲಲ್ಲಿ ನಿಲ್ಲುವನು. ಚಾರು ಕೈ ನೀಡುವಳು, ಅವನೂ ನೀಡುವನು. ಕೈಗಳು ಸೇರುವ ಮುನ್ನವೇ ಚಿತ್ರವು ಸ್ತಬ್ಧವಾಗುವುದು. ಅವಳ ಮುಖ, ಅವನ ಮುಖ, ದೀಪ ಹಿಡಿದ ಸೇವಕ, ಎಲ್ಲವೂ ಕಲ್ಲಾದಂತೆ. ಬಳಿಕ ತೆರೆಯ ಮೇಲೆ ಮೂಲಕಥೆಯ ಹೆಸರು. ಮಿತ್ರರು ಇದನ್ನೇ ಅರ್ಧವೆನ್ನುವುದು. ಆದರೆ ನಾವು ತಿಳಿಯಬೇಕಾದದ್ದು ಯಾವುದು ಇಲ್ಲಿ ಉಳಿದಿದೆ? ಗೂಡು ಮುರಿದಿದೆ, ಮುರಿದ ಗೂಡಿನಲ್ಲಿಯೇ ಇಬ್ಬರೂ ಬಾಳಬೇಕಾಗಿದೆ. ವಾಚ್ಯವು ಪೂರ್ಣವಾದುದರಿಂದಲೇ ವ್ಯಂಗ್ಯಕ್ಕೆ ಎಡೆಯಾಯಿತು.

ಇನ್ನು 2015ರ 'ಬಾಹುಬಲಿ'. ಕಟ್ಟಪ್ಪನು ತಾನೇ ಬಾಹುಬಲಿಯನ್ನು ಕೊಂದೆನೆಂದು ಹೇಳುವಲ್ಲಿಗೆ ಆಟ ಸಮಾಪ್ತಿ. ಏಕೆ ಕೊಂದನೆಂಬುದಕ್ಕೆ 2017ರಲ್ಲಿ ಮತ್ತೊಂದು ಟಿಕೇಟು! ಚಾತುರ್ಯವನ್ನು ನಾನು ಅಲ್ಲಗಳೆಯೆನು; ಆ ಪ್ರಶ್ನೆಯನ್ನು ಎಳೆಯ ಮಕ್ಕಳೂ ಕೇಳುತ್ತಿದ್ದರು. ಆದರೆ ಉತ್ತರ ದೊರೆತೊಡನೆ ಆ ನೋಟವು ಸತ್ತುಹೋಯಿತು. ಚಾರುವಿನ ಕೈಯಾದರೋ ಅರುವತ್ತು ವರ್ಷಗಳಿಂದ ಹಾಗೆಯೇ ನೀಡಿಕೊಂಡಿದೆ. ನಮ್ಮ 'ಕೆ.ಜಿ.ಎಫ್.' ಎರಡನೆಯ ಭಾಗದ (2022) ವಿಷಯದಲ್ಲಿ ನನ್ನ ವ್ಯಥೆ ಇನ್ನೂ ಹೆಚ್ಚು. ನಾಯಕನು ಚಿನ್ನದೊಡನೆ ಕಡಲಿನಲ್ಲಿ ಮುಳುಗುವುದು ನಿಜವಾದ ನಿರ್ವಹಣವಾಗಿತ್ತು. ಹೆಸರುಗಳ ಪಟ್ಟಿ ಸಾಗಿದ ಮೇಲೆ ಮೂರನೆಯ ಭಾಗದ ಸುಳಿವನ್ನು ತೋರಿಸಿ, ಕೈಗೆ ಬಂದುದನ್ನು ತಾವೇ ಕೆಡಿಸಿಕೊಂಡರು.

ಹಾಗೆಂದು ಇಂದಿನವರಿಗೆ ಇದು ಅಸಾಧ್ಯವೆನ್ನಲಾರೆನು. ನಾಗರಾಜ ಮಂಜುಳೆಯವರ ಮರಾಠಿ 'ಫ್ಯಾಂಡ್ರಿ' (2013)ಯಲ್ಲಿ, ಹಂದಿ ಹಿಡಿಯುವ ಕುಲದವನೆಂದು ಹಾಸ್ಯಕ್ಕೀಡಾದ ಬಾಲಕನು ಎಸೆದ ಕಲ್ಲು ನೇರವಾಗಿ ನಮ್ಮ ಕಡೆಗೇ ಬರುವುದು, ತೆರೆ ಕಪ್ಪಾಗುವುದು. ಎರಡನೆಯ ಭಾಗವನ್ನು ಅಲ್ಲಿ ಯಾರು ಕೇಳಿಯಾರು?

ಕಡೆಯದಾಗಿ ನನ್ನ ಮಾತು. ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದ ನಾನು ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ವನ್ನು (1977) ಕೋಪದಿಂದಲೇ ನೋಡಲು ಕುಳಿತೆನು. ಅನಂತಮೂರ್ತಿಯವರ ಕಥೆಯನ್ನು ಹಿಡಿದು ನಮ್ಮ ಮನೆಯ ಮಾತನ್ನು ಬೀದಿಗೆ ತಂದರೆಂದು. ಗುರುಗಳ ವಿಧವೆ ಮಗಳು ಯಮುನಕ್ಕನನ್ನು ಬದುಕಿರುವಾಗಲೇ ಸತ್ತವಳೆಂದು ಎಣಿಸಿ ತಂದೆಯೇ ಘಟಶ್ರಾದ್ಧ ಮಾಡುವನು. ವಿದ್ಯಾರ್ಥಿ ನಾಣಿಯನ್ನು ಅವನ ತಂದೆ ಊರಿಗೆ ಕರೆದೊಯ್ಯುವಾಗ, ತಲೆ ಬೋಳಿಸಿ ಒಬ್ಬಳೇ ಉಳಿದ ಅವಳನ್ನು ಹುಡುಗ ತಿರುಗಿ ನೋಡುವನು. ನೋಡುವುದಲ್ಲದೆ ಅವನಿಂದ ಏನಾದೀತು? ನಾನೂ ಆ ವಯಸ್ಸಿನಲ್ಲಿ ಆ ಬಗೆಯ ಮನೆಗಳಲ್ಲಿ ಅನ್ನ ಉಂಡವನು. ಕೆಂಪು ಸೀರೆಯ ಮುಖಗಳನ್ನು ನೋಡಿಯೂ ಏನನ್ನೂ ಕೇಳದೆ ಬಂದವನು. ದೀಪ ಹತ್ತಿದ ಮೇಲೂ ನಾನು ಏಳಲಿಲ್ಲ.

ಯಮುನಕ್ಕ ಮುಂದೆ ಪಟ್ಟಣ ಸೇರಿ ಸುಖವಾಗಿದ್ದಳೆಂದೋ, ನಾಣಿ ದೊಡ್ಡವನಾಗಿ ಬಂದು ಅವಳನ್ನು ಉದ್ಧರಿಸಿದನೆಂದೋ ಎರಡನೆಯ ಭಾಗವೊಂದನ್ನು ನನ್ನ ತರುಣ ಮಿತ್ರರು ಮುಂದಿನ ಗೋಷ್ಠಿಗೆ ಬರೆದು ತರಲಿ. ನಾನು ಮೊದಲ ಸಾಲಿನಲ್ಲಿಯೇ ಕುಳಿತು ಕೇಳುವೆನು.