ನೀರಿಗೆ ಮೊದಲು ದಾರಿ ಬಿಡೋಣ

ಬಿ.ಜಿ. ಕೆರೆಯಿಂದ ಮೊಳಕಾಲ್ಮುರಿನತ್ತ, ಅಶೋಕನ ಶಾಸನಗಳನ್ನು ಹೊತ್ತ ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳ ಸೀಮೆಯಲ್ಲಿ, ಬಂಡೆಗುಡ್ಡ ಮತ್ತು ಕುರುಚಲು ಕಾಡುಗಳ ನಡುವೆ ಹಾದುಹೋಗುವ ಮಣ್ಣುರಸ್ತೆಗಳದು ಒಂದೇ ಕಥೆ. ಮಳೆ ಬಿದ್ದಾಗ ಗಾಲಿಯ ಜಾಡು ಕಾಲುವೆಯಾಗುತ್ತದೆ, ಕಾಲುವೆ ಕೊರಕಲಾಗುತ್ತದೆ. ಬೇಸಿಗೆಯಲ್ಲಿ ಯಂತ್ರ ತರಿಸಿ, ಗರಸು ಸುರಿದು, ಗುಂಡಿ ಮುಚ್ಚುವುದನ್ನೇ ನಾವು ದುರಸ್ತಿ ಎಂದು ಕರೆಯುತ್ತೇವೆ. ಮುಂದಿನ ಮಳೆ ಆ ಸಡಿಲ ಮಣ್ಣನ್ನೇ ಮೊದಲು ಹೊತ್ತೊಯ್ಯುತ್ತದೆ.

ವರ್ಷಕ್ಕೆ ಸುಮಾರು 500 ಮಿ.ಮೀ. ಮಳೆ ಕಾಣುವ ಚಳ್ಳಕೆರೆ–ಮೊಳಕಾಲ್ಮುರು ಸೀಮೆಯಲ್ಲಿ ರಸ್ತೆ ಕೊಚ್ಚಿಹೋಗುವುದೆಂದರೆ ಹೊರಗಿನವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಇಲ್ಲಿಯ ಮಳೆ ಹದವರಿತು ಬರುವುದಿಲ್ಲ. ಸೆಪ್ಟೆಂಬರ್–ಅಕ್ಟೋಬರ್ ತಿಂಗಳ ಕೆಲವೇ ಬಿರುಮಳೆಗಳಲ್ಲಿ ವರ್ಷದ ಮಳೆಯ ದೊಡ್ಡ ಪಾಲು ಸುರಿದುಹೋಗುತ್ತದೆ. ನಾಲ್ಕು ಮೀಟರ್ ಅಗಲದ, ಒಂದು ಕಿಲೋಮೀಟರ್ ಉದ್ದದ ರಸ್ತೆಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಒಂದು ಲಕ್ಷ ಲೀಟರ್ ನೀರಾಯಿತು. ಗಾಲಿಗಳ ಭಾರಕ್ಕೆ ಗಟ್ಟಿಯಾದ ನೆಲ ಅದರಲ್ಲಿ ಹೆಚ್ಚನ್ನು ಇಂಗಿಸಿಕೊಳ್ಳದು. ಗುಡ್ಡದ ಮೇಲಿನಿಂದ ಇಳಿದು ರಸ್ತೆಗೆ ಸೇರುವ ನೀರಿನ ಲೆಕ್ಕವೇ ಬೇರೆ.

ನಮ್ಮ ಶೇಂಗಾ ಬೆಳೆಗಾರರು ಈ ಪಾಠವನ್ನು ಎಂದೋ ಕಲಿತವರು. ಇಳಿಜಾರಿಗೆ ಅಡ್ಡಲಾಗಿ ಉಳಬೇಕು, ಬದು ಕಟ್ಟಬೇಕು, ಹೆಚ್ಚಾದ ನೀರಿಗೆ ಕೋಡಿ ಬಿಡಬೇಕು ಎಂಬುದು ಅವರಿಗೆ ಹೊಸತಲ್ಲ. ಹೊಲದಲ್ಲಿ ಪಾಲಿಸುವ ಈ ನೀತಿಯನ್ನು ರಸ್ತೆಯಲ್ಲಿ ಮರೆಯುವುದೇಕೆ? ಗುಡ್ಡದಿಂದ ನೆಟ್ಟಗೆ ಇಳಿಯುವ ರಸ್ತೆಯು ಬದುವಿಲ್ಲದ ಹೊಲಕ್ಕೆ ಸಮಾನ. ಅದು ಕಳೆದುಕೊಂಡ ಮಣ್ಣು ಗೋಕಟ್ಟೆಗೂ ಕೆರೆಗೂ ಹೂಳಾಗಿ ಸೇರುತ್ತದೆ. 2005ರ ಉದ್ಯೋಗ ಖಾತರಿ ಕಾಯಿದೆ ಬಂದ ಮೇಲೆ ಹೂಳೆತ್ತುವ ಕೆಲಸಕ್ಕೆ ಊರೂರಿನಲ್ಲಿ ಕೂಲಿ ದೊರೆಯಿತು. ಆದರೆ ಮೇಲೆ ರಸ್ತೆ ಕರಗುತ್ತಿರುವಾಗ ಕೆಳಗೆ ಹೂಳೆತ್ತುವುದು ತೂತು ಕೊಡಕ್ಕೆ ನೀರು ಹೊತ್ತಂತೆ.

ಹಾಗಾದರೆ ದುರಸ್ತಿ ಎಲ್ಲಿಂದ ಆರಂಭವಾಗಬೇಕು? ನೀರು ರಸ್ತೆಗೆ ಎಲ್ಲಿ ಸೇರುತ್ತದೆ, ಎಲ್ಲಿ ಬಿಟ್ಟು ಹೋಗುತ್ತದೆ ಎಂಬುದನ್ನು ಮಳೆ ಸುರಿಯುವಾಗಲೇ ನಡೆದು ನೋಡಿ ಗುರುತಿಸುವುದು ಮೊದಲ ಹೆಜ್ಜೆ. ಎರಡನೆಯದು, ರಸ್ತೆಯ ನಡುವನ್ನು ತುಸು ಉಬ್ಬಿಸಿ ಅಥವಾ ಇಡೀ ಮೈಯನ್ನು ಕಣಿವೆಯ ಕಡೆಗೆ ತುಸು ವಾಲಿಸಿ, ನೀರು ಜಾಡಿನಲ್ಲಿ ಓಡದಂತೆ ಮಾಡುವುದು. ಮೂರನೆಯದು, ಇಳಿಜಾರಿನಲ್ಲಿ ಓರೆಯಾಗಿ ಅಡ್ಡದಿಬ್ಬಗಳನ್ನು ಕಟ್ಟಿ, ಪಕ್ಕದ ಚರಂಡಿಯಿಂದ ಆಗಾಗ ಕವಲುಗಾಲುವೆ ತೆಗೆದು, ನೀರನ್ನು ಸ್ವಲ್ಪಸ್ವಲ್ಪವಾಗಿ ಕಾಡಿನ ನೆಲಕ್ಕೆ ಹರಿಯಬಿಡುವುದು. ಇಳಿಜಾರು ಕಡಿದಾದಷ್ಟೂ ಇವು ಹತ್ತಿರ ಹತ್ತಿರ ಇರಬೇಕು. ನೀರು ಹೊರಬೀಳುವ ಬಾಯಲ್ಲಿ ಕಲ್ಲು ಹಾಸದಿದ್ದರೆ ಅಲ್ಲಿಯೇ ಹೊಸ ಕೊರಕಲು ಹುಟ್ಟುತ್ತದೆ. ಸಣ್ಣ ಹಳ್ಳ ದಾಟುವಲ್ಲಿ, ಕಸ ಕಟ್ಟಿಕೊಳ್ಳುವ ಕಿರಿದಾದ ಮೋರಿಗಿಂತ ಕಲ್ಲುಹಾಸಿನ ತಗ್ಗುದಾರಿಯೇ ಎಷ್ಟೋ ಮೇಲು.

ಯಂತ್ರದ ಬಗೆಗೂ ಒಂದು ಎಚ್ಚರಿಕೆ ಅಗತ್ಯ. ಪ್ರತಿ ಬಾರಿ ಕೆರೆದಾಗಲೂ ರಸ್ತೆ ಅಕ್ಕಪಕ್ಕದ ನೆಲಕ್ಕಿಂತ ತಗ್ಗುತ್ತದೆ. ಅಂಚಿನಲ್ಲಿ ಉಳಿಯುವ ಮಣ್ಣಿನ ಏರಿ ನೀರನ್ನು ಹೊರಹೋಗಲು ಬಿಡುವುದಿಲ್ಲ. ಹೀಗೆ ಕೆಲವೇ ವರ್ಷಗಳಲ್ಲಿ ರಸ್ತೆ ಹಳ್ಳವಾಗುತ್ತದೆ. ಆ ಏರಿಯನ್ನು ಅಲ್ಲಲ್ಲಿ ಒಡೆಯಲು ಗುದ್ದಲಿ ಸಾಕು, ಒಂದು ದಿನದ ಕೂಲಿ ಸಾಕು.

ಅರಣ್ಯದೊಳಗಿನ ರಸ್ತೆ ಅರಣ್ಯ ಇಲಾಖೆಯ ಹೊಣೆ. ಅನುಮತಿಯಿಲ್ಲದೆ ಅಲ್ಲಿ ಗುದ್ದಲಿ ಹಾಕುವುದು ಸರಿಯಲ್ಲ. ಆದರೆ 1993ರ ಸರ್ಕಾರಿ ಆದೇಶದಿಂದ ರೂಪುಗೊಂಡ ಗ್ರಾಮ ಅರಣ್ಯ ಸಮಿತಿಗಳು ಸಸಿ ನೆಡುವುದಕ್ಕಷ್ಟೇ ಸೀಮಿತವಾಗಬೇಕಿಲ್ಲ. ಯಾವ ರಸ್ತೆ ಬೇಕು, ಯಾವುದನ್ನು ಮುಚ್ಚಿ ಹುಲ್ಲಿಗೆ ಬಿಡಬಹುದು ಎಂದು ಇಲಾಖೆಯ ಮುಂದೆ ಮಾತನಾಡಬಹುದು. ಬೆಂಕಿ ಬಿದ್ದಾಗ ಕಾವಲುಗಾರರು ತಲುಪಬೇಕಾದದ್ದೂ, ಹಟ್ಟಿಯ ಬಾಣಂತಿ ಆಸ್ಪತ್ರೆಗೆ ಹೋಗಬೇಕಾದದ್ದೂ ಇಂತಹ ದಾರಿಗಳಲ್ಲಿಯೇ. ಆದುದರಿಂದ ರಸ್ತೆಯೇ ಬೇಡವೆನ್ನುವುದು ನಮ್ಮ ವಾದವಲ್ಲ.

ಮುಂಗಾರಿನ ಮೊದಲ ಹದಮಳೆಗೆ ನೆಲ ಮೆತ್ತಗಾದಾಗ ಕೆಲಸ ಹಿಡಿದರೆ ಹಿಂಗಾರಿನ ಅಬ್ಬರಕ್ಕೆ ಮುನ್ನ ದಿಬ್ಬ ಗಟ್ಟಿಯಾಗುತ್ತದೆ. ಪ್ರತಿ ಊರಿನ ಗೆಳೆಯರು ತಮ್ಮ ಸಮೀಪದ ಒಂದು ಕಾಡುರಸ್ತೆಯನ್ನು ಮಳೆಯಲ್ಲಿ ನಡೆದು, ನೀರು ನಿಲ್ಲುವ ಮತ್ತು ಕೊರೆಯುವ ಜಾಗಗಳ ನಕ್ಷೆಯೊಂದನ್ನು ಬರೆದು ವಲಯ ಅರಣ್ಯಾಧಿಕಾರಿಗೆ ಸಲ್ಲಿಸಬೇಕೆಂದು ಕೋರುತ್ತೇವೆ. ಮಳೆ ಕಡಿಮೆಯಿರುವ ಸೀಮೆಗೆ ಬಿದ್ದ ಹನಿಯೂ ಹಿಡಿ ಮಣ್ಣೂ ರಸ್ತೆ ಹಿಡಿದು ಊರು ಬಿಡುವುದು ತರವಲ್ಲ.